ಅಪ್‌ಡೇಟ್: ಕೆಲಗೇರಿ ಕೆರೆಯ ಆ ಕೇಸರಿ ಚಿಟ್ಟೆ ಪ್ಲೇನ್ ಟೈಗರ್ ಅಲ್ಲ

ಧಾರವಾಡದ ಕೆಲಗೇರಿ ಕೆರೆ ದಂಡೆಯಲ್ಲಿ ತೆಗೆದ 2 ಫೋಟೊ ಹಾಕಿ, ಇದು ಪ್ಲೇನ್ ಟೈಗರೋ, ಅದರ ವೇಷ ಹಾಕುವ ಡಾನಾಯ್ಡ್ ಎಗ್‌ಫ್ಲೈ ಹೆಣ್ಣೋ ಎಂದು ಕೇಳಿದ್ದೆ. ‘ಹಿಂದಿನ ರೆಕ್ಕಿ ನೋಡ್ರಿ’ ಎಂದವರ ಮಾತು ಖರೆ. ಎಗ್‌ಫ್ಲೈ ಹೆಣ್ಣೇ.

ಪ್ಲೇನ್ ಟೈಗರ್‌ನ ಹಿಂದಿನ ರೆಕ್ಕೆಯ ನಡುಭಾಗದಲ್ಲಿ 3 ಕಪ್ಪು ಚುಕ್ಕೆ ಇರುತ್ತವೆ. ಗಂಡಿಗೆ ಗಂಧದ ಚೀಲದ್ದೂ (ಹೆಣ್ಣನ್ನು ಸೆಳೆಯುವ ವಾಸನೆಯ ಚೀಲ) ಸೇರಿ 4. ಎಗ್‌ಫ್ಲೈ ಹೆಣ್ಣಿಗೆ ನಡುವೆ ಏನೂ ಇಲ್ಲ, ಮೇಲಂಚಿನ ಹತ್ತಿರ ಒಂದೇ ಚುಕ್ಕೆ. ರೆಕ್ಕೆ ಬಿಚ್ಚಿ ಕೂತಾಗ ಮುಂದಿನ ರೆಕ್ಕೆಯೇ ಅದನ್ನು ಮುಚ್ಚಿಬಿಡಬಹುದು. ಮೊದಲ ಫೋಟೊದಲ್ಲಿ ಆದದ್ದು ಇದೇ. ರೆಕ್ಕೆ ಮಡಚಿದ ಎರಡನೆಯದರಲ್ಲಿ ಚುಕ್ಕೆ ಎದ್ದು ಕಾಣುತ್ತದೆ. ಹಾಗಾಗಿ ರೆಕ್ಕೆಯ ಮೇಲ್ಬದಿ, ಕೆಳಬದಿ ಎರಡರ ಫೋಟೊ ಬೇಕೇ ಬೇಕು.

ಮುಂದಿನ ರೆಕ್ಕೆ ತುದಿಯ ಕಪ್ಪು, ಅದರೊಳಗಿನ ಬಿಳಿ ಪಟ್ಟಿ ನಂಬಬೇಡಿ, ಎರಡಕ್ಕೂ ಉಂಟು. ಕೇಸರಿಯ ಮೇಲೆ ನರಗಳೆಲ್ಲ ದಪ್ಪ ಕಪ್ಪಾಗಿದ್ದರೆ ಅದು ಸ್ಟ್ರೈಪ್ಡ್ ಟೈಗರ್.

ಮೊಟ್ಟೆ ಇಡುವುದು ಕಂಡರೆ ಗಿಡ ನೋಡಿ: ಪ್ಲೇನ್ ಟೈಗರ್‌ಗೆ ಎಕ್ಕೆ, ಎಗ್‌ಫ್ಲೈಗೆ ಗೋಣಿ ಸೊಪ್ಪು. ಹೂವಿನ ಮೇಲೆ ಕೂತದ್ದು ಲೆಕ್ಕಕ್ಕಿಲ್ಲ, ಮಕರಂದಕ್ಕೆ ಎರಡೂ ಬರುತ್ತವೆ.

ಕ್ಯಾಮೆರಾ ರೆಕ್ಕೆಗೆ ಸಮಾನಾಂತರವಾಗಿರಲಿ, ಅಪರ್ಚರ್ (ಲೆನ್ಸಿನ ಕಿಂಡಿಯ ಅಳತೆ) ಎಫ್/8ರ ಆಸುಪಾಸು. ಓರೆಯಾದರೆ ಅಂಚು ಮಸುಕಾಗುತ್ತದೆ. ಬೇಕಾದ ಚುಕ್ಕೆ ಇರುವುದೇ ಅಲ್ಲಿ.