ಅಪ್‌ಡೇಟ್: ಶೇರ್ಡ್ ಡ್ರೈವ್‌ನ ಫೋಲ್ಡರ್ ಮಾಯವಾಗುತ್ತಿದ್ದುದು ಹೇಗೆ ಅಂತ ಗೊತ್ತಾಯ್ತು

ಕಳೆದ ತಿಂಗಳು ಕೇಳಿದ್ದೆ: ಆಫೀಸಿನ ವಿಂಡೋಸ್ ಸರ್ವರ್‌ನಲ್ಲಿ ಎಲ್ಲರೂ ಬಳಸುವ ಬಿಲ್ ಫೋಲ್ಡರ್‌ಗಳು ಆಗಾಗ ಕಾಣೆಯಾಗುತ್ತಿವೆ, ಯಾರ ಕೆಲಸ ಅಂತ ತಿಳಿಯೋದು ಹೇಗೆ? ಆಡಿಟಿಂಗ್ (ಯಾರು ಯಾವ ಫೈಲ್ ಮುಟ್ಟಿದರು ಅಂತ ದಾಖಲಿಸುವ ವ್ಯವಸ್ಥೆ) ಆನ್ ಮಾಡಿ ಅಂದಿದ್ದಿರಿ. ಥ್ಯಾಂಕ್ಸ್.

ಗ್ರೂಪ್ ಪಾಲಿಸಿಯಲ್ಲಿ (ವಿಂಡೋಸ್‌ನ ನಿಯಮಗಳನ್ನು ಹೊಂದಿಸುವ ಜಾಗ) 'ಆಡಿಟ್ ಫೈಲ್ ಸಿಸ್ಟಮ್' ಆನ್ ಮಾಡಿ ಎರಡು ದಿನ ಕಾದೆ. ಏನೂ ಬರಲಿಲ್ಲ. ಫೋಲ್ಡರ್‌ನ ಸೆಕ್ಯುರಿಟಿ ಟ್ಯಾಬ್‌ಗೆ ಹೋಗಿ, ಅಡ್ವಾನ್ಸ್ಡ್ ಒತ್ತಿ, ಆಡಿಟಿಂಗ್‌ನಲ್ಲೂ ಯಾರನ್ನು ಗಮನಿಸಬೇಕು ಅಂತ ಸೇರಿಸಬೇಕಿತ್ತು. ಸೇರಿಸಿದೆ. ಆದರೆ ಆಸೆ ಜಾಸ್ತಿಯಾಗಿ ಓದೋದು, ಬರೆಯೋದು ಎಲ್ಲಕ್ಕೂ ಟಿಕ್ ಹಾಕಿದೆ. ಮಧ್ಯಾಹ್ನದೊಳಗೆ ಲಾಗ್ (ಈ ದಾಖಲೆಗಳೆಲ್ಲ ಸೇರುವ ಕಡತ) ತುಂಬಿ ಹಳೆಯದನ್ನು ನುಂಗತೊಡಗಿತು. ಈಗ ಡಿಲೀಟ್‌ಗೆ ಮಾತ್ರ ಇಟ್ಟಿದ್ದೇನೆ, ಲಾಗ್ ಸೈಜ್ 1 ಜಿಬಿ.

ಮೊನ್ನೆ ಮತ್ತೊಂದು ಫೋಲ್ಡರ್ ಮಾಯ. ಲಾಗ್‌ನಲ್ಲಿ 4663 (ಫೈಲ್ ಅಥವಾ ಫೋಲ್ಡರ್ ಮುಟ್ಟಲು ಯತ್ನಿಸಿದ್ದನ್ನು ಹೇಳುವ ದಾಖಲೆಯ ನಂಬರ್) ಇತ್ತು: ಯೂಸರ್ ಹೆಸರು, ಫೋಲ್ಡರ್‌ನ ಪಾತ್, 'ಡಿಲೀಟ್'. ಸಿಕ್ಕಿಬಿದ್ದರು ಅಂದುಕೊಂಡೆ! ಆದರೆ ನಿಜವಾಗಿ ಅಳಿಸಿದ್ದರೆ ಬೆನ್ನಿಗೇ 4660, ಅಂದರೆ 'ಅಳಿಸಲಾಗಿದೆ' ಅನ್ನುವ ದಾಖಲೆ, ಬರಬೇಕಲ್ವಾ? (ಅದರಲ್ಲಿ ಫೈಲ್ ಹೆಸರೇ ಇರುವುದಿಲ್ಲ, ಎರಡೂ ದಾಖಲೆಗಳಲ್ಲಿರುವ ಹ್ಯಾಂಡಲ್ ಐಡಿ ಅನ್ನೋ ಗುರುತಿನ ನಂಬರ್ ಹೊಂದಿಸಿ ನೋಡಬೇಕು. ಯಾವ ಪುಣ್ಯಾತ್ಮನ ಐಡಿಯಾವೋ.) ಇಲ್ಲಿ 4660 ಇರಲೇ ಇಲ್ಲ. ಅಂದರೆ ಅಳಿಸಿಲ್ಲ, ಜಾಗ ಬದಲಾಗಿದೆ (ಜಾಗ ಬದಲಿಸಿದರೂ 4663ರಲ್ಲಿ 'ಡಿಲೀಟ್' ಅಂತಲೇ ಬರುತ್ತೆ). ಪಕ್ಕದ ಫೋಲ್ಡರ್ ತೆರೆದೆ, ಒಳಗೆ ಹಾಯಾಗಿ ಕೂತಿತ್ತು.

ಅಕೌಂಟ್ಸ್‌ನ ಮೇಡಂ ಡಬಲ್ ಕ್ಲಿಕ್ ಮಾಡುವಾಗ ಕೈ ಜಾರಿ ಎಳೆದುಬಿಟ್ಟಿದ್ದರು. ಅವರ ಮೌಸ್‌ನ ಎಡ ಬಟನ್ ಅಂಟುತ್ತಿತ್ತು. ಸುಮ್ನೆ ಹೊಸ ಮೌಸ್ ಕೊಟ್ಟು ಬಂದೆ. ಹಳೆಯ ಪ್ರಕರಣಗಳ ಸುದ್ದಿ ಬಿಡಿ, ಆಗ ಆಡಿಟಿಂಗ್ ಇರಲಿಲ್ಲ, ಲಾಗ್‌ನಲ್ಲಿ ಏನೂ ಸಿಗುವುದಿಲ್ಲ.