ಶಾಲೆ ಕಿಟಕಿ ವಿಚಾರ: ಬಡಾವಣೆ ಗುಂಪು

ಮನೆ 19, ಬೆಳಿಗ್ಗೆ 5:12
ಮಗುವಿಗೆ ರಾತ್ರಿಯಿಡೀ 103 ಜ್ವರ. ಕೋವಿಡ್ ಕಿಟ್‌ನಲ್ಲಿ ಎರಡು ಗೆರೆ. ಮೂರನೇ ಸಲ ಇದು! ಐದನೇ ಕ್ಲಾಸಿನ ಹಿಂದಿನ ಕಿಟಕಿ ತೆರೆಸಿ ಅಂತ ಇನ್ನೆಷ್ಟು ಸಲ ಬಾಯಿ ಬಡ್ಕೊಳ್ಳೋದು? ಗೇಟಲ್ಲಿ ಹಣೆಗೆ ಜ್ವರ ನೋಡೋ ಗನ್ ಹಿಡಿದು, ಕೈಗೆ ಸ್ಯಾನಿಟೈಸರ್ ಸುರಿದ್ರೆ ಮುಗೀತಾ?

ಮನೆ 42, 5:40
ಪ್ಯಾರಾಸಿಟಮಾಲ್ ಕುಡಿಸಿ ಮಕ್ಕಳನ್ನ ಕಳಿಸೋರನ್ನ ಕೇಳಿ ಮೊದ್ಲು. ಯಾರು ಅಂತ ಎಲ್ಲರಿಗೂ ಗೊತ್ತು.

ಮನೆ 7, 5:52
ಯಾರಿಗೆ ಹೇಳ್ತಿದ್ದೀರಿ? ನಮ್ಮವನ ಟೆಸ್ಟ್ ನೆಗೆಟಿವ್. ಸೋಮವಾರವೇ ಫೋಟೋ ಹಾಕಿದ್ದೀನಿ.

ಮನೆ 42, 5:53
ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ.

ಮನೆ 3, 6:10
ಒಂದು ನೆಗೆಟಿವ್ ನಂಬೋ ಹಾಗಿಲ್ಲ ರೀ. ರ್‍ಯಾಪಿಡ್ ಕಿಟ್ ಮೊದಲೆರಡು ದಿನ ಸುಲಭವಾಗಿ ಏಮಾರುತ್ತೆ. ಲಕ್ಷಣ ಇದ್ರೆ 48 ಗಂಟೆ ಬಿಟ್ಟು ಇನ್ನೊಂದು ಮಾಡಿ. ಕಿಟ್‌ನಲ್ಲಿ ಹೇಳಿರೋ ನಿಮಿಷಕ್ಕೇ ಓದಿ, ಅರ್ಧ ದಿನ ಬಿಟ್ಟು ಮೂಡೋ ಮಸುಕು ಗೆರೆ ಲೆಕ್ಕಕ್ಕಿಲ್ಲ.

ಮನೆ 11, 6:31
*ಫಾರ್ವರ್ಡ್* ದಿನಾ ಮೂರು ಸಲ ಹಬೆ ತಗೊಂಡ್ರೆ ವೈರಸ್ ಮೂಗಲ್ಲೇ ಸಾಯುತ್ತೆ. 20 ಜನರಿಗೆ ಕಳಿಸಿ.

ಮನೆ 3, 6:33
ಸಾಯಲ್ಲ. ಬಿಸಿನೀರು ಚೆಲ್ಲಿ ಮಕ್ಕಳ ಮೈ ಸುಡುತ್ತೆ ಅಷ್ಟೇ. ದಯವಿಟ್ಟು ಡಿಲೀಟ್ ಮಾಡಿ.

ಮನೆ 28, 6:40
ಒಂದ್ಸಲ ಬಂದು ಹೋದ್ರೆ ಇಮ್ಯುನಿಟಿ ಬಂತಲ್ಲ? ಮತ್ತೆ ಮತ್ತೆ ಯಾಕೆ?

ಮನೆ 3, 6:52
2021ರ ನವೆಂಬರ್‌ನಲ್ಲಿ ಓಮಿಕ್ರಾನ್ ತಳಿ ಬಂದ ಮೇಲೆ ಆ ಲೆಕ್ಕ ಕೆಟ್ಟಿದೆ. ಸೋಂಕು ತಡೆಯೋ ಆ್ಯಂಟಿಬಾಡಿ ಕೆಲವೇ ತಿಂಗಳಲ್ಲಿ ಇಳಿಯುತ್ತೆ, ಹೊಸ ತಳಿ ಅದರ ಕಣ್ಣು ತಪ್ಪಿಸುತ್ತೆ. ಕಾಯಿಲೆ ಜೋರಾಗದ ಹಾಗೆ ಕಾಯೋ ಶಕ್ತಿ ಮಾತ್ರ ಹೆಚ್ಚು ದಿನ ಉಳಿಯುತ್ತೆ. ಹಾಗಂತ ಮೈಮರೀಬೇಡಿ. ಅಪರೂಪ, ಆದ್ರೂ ಸೋಂಕು ತಗುಲಿ 2ರಿಂದ 6 ವಾರದೊಳಗೆ ಮತ್ತೆ ಬಿಡದ ಜ್ವರ, ಜೊತೆಗೆ ಕೆಂಪುಗಣ್ಣು, ದದ್ದು, ಹೊಟ್ಟೆನೋವು ಬಂದ್ರೆ ಅದೇ ದಿನ ಡಾಕ್ಟರ್ ಹತ್ರ ಹೋಗಿ.

ಮನೆ 42, 6:55
ಇದೆಲ್ಲ ಪಾಠ ಸಾಕು. ಗಾಳಿ ಶುದ್ಧ ಮಾಡೋ ಪ್ಯೂರಿಫೈಯರ್ ತರೋಣ, ಎಲ್ಲರೂ ದುಡ್ಡು ಹಾಕಿ. ರೂಮಿಗೊಂದು.

ಮನೆ 3, 7:14
ಒಂದು ಸಾಲಲ್ಲ. ರೂಮು 7 ಮೀಟರ್ ಉದ್ದ, 6 ಅಗಲ, 3 ಎತ್ತರ, ಅಂದ್ರೆ 126 ಘನ ಮೀಟರ್. ಗಂಟೆಗೆ 5 ಸಲ ಗಾಳಿ ಬದಲಾಗಬೇಕು ಅಂದ್ರೆ ಗಂಟೆಗೆ 630 ಘನ ಮೀಟರ್ ಬೇಕು. ಬಾಕ್ಸ್ ಮೇಲೆ ಸಿಎಡಿಆರ್ (ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತೆ ಅನ್ನೋ ಅಂಕಿ) 300 ಅಂತ ಇದ್ರೆ ಎರಡು ಇಡಿ, ಮಿಕ್ಕಿದ್ದಕ್ಕೆ ಕಿಟಕಿ. ಆ 300 ಫುಲ್ ಸ್ಪೀಡಿನ ಲೆಕ್ಕ. ಸದ್ದು ಅಂತ ಟೀಚರ್ ಒಂದಕ್ಕೆ ಇಳಿಸಿದ್ರೆ ಅದು ಬರೀ ಅಲಂಕಾರ. ಹೆಪಾ (ಸಣ್ಣ ಕಣ ಹಿಡಿಯೋ ಫಿಲ್ಟರ್) ಇರಲಿ, ಅಯಾನೈಸರ್ ಬೇಡ, ಕೆಲವು ಶ್ವಾಸಕೋಶಕ್ಕೆ ಕೆಟ್ಟದಾದ ಓಝೋನ್ ಬಿಡುತ್ವೆ.
ಅದಕ್ಕೂ ಮೊದಲು ಒಂದು ಸಿಒಟು (ನಾವು ಉಸಿರಲ್ಲಿ ಬಿಡೋ ಕಾರ್ಬನ್ ಡೈಆಕ್ಸೈಡ್) ಮೀಟರ್ ತನ್ನಿ, ಅಂಕಿ ಏರಿದ್ರೆ ಗಾಳಿ ಬದಲಾಗ್ತಿಲ್ಲ ಅಂತ ಅರ್ಥ, ಎನ್‌ಡಿಐಆರ್ (ಇನ್‌ಫ್ರಾರೆಡ್ ಬೆಳಕಲ್ಲಿ ಅಳೆಯೋ) ಸೆನ್ಸರ್ ಇರೋದೇ ಆಗಬೇಕು. ಹೊರಗೆ ಸುಮಾರು 420 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ ಇಷ್ಟು ಭಾಗ) ತೋರಿಸುತ್ತೆ. ಮಕ್ಕಳು ಕೂತಾಗ 800 ಒಳಗಿರಲಿ. ಮೀಟರನ್ನ ಕಿಟಕಿ ಪಕ್ಕ ಇಟ್ಟು ಖುಷಿಪಡಬೇಡಿ, ಕೂತ ಮಕ್ಕಳ ಮೂಗಿನ ಎತ್ತರಕ್ಕೆ ಇಡಿ. ಪ್ಯೂರಿಫೈಯರ್ ಹಾಕಿದ್ರೂ ಅಂಕಿ ಇಳಿಯಲ್ಲ, ಅದು ಕಣ ಹಿಡಿಯುತ್ತೆ, ಸಿಒಟು ಹಿಡಿಯಲ್ಲ. ಆಗ ‘ಮೋಸ’ ಅಂತ ಇಲ್ಲಿ ಕೂಗಬೇಡಿ.

ಮನೆ 7, 7:20
ಫ್ಯಾನ್ ಇದೆಯಲ್ಲ?

ಮನೆ 3, 7:22
ಕಿಟಕಿ ಮುಚ್ಚಿ ಫ್ಯಾನ್ ತಿರುಗಿಸಿದ್ರೆ ಅದೇ ಗಾಳಿ ಸುತ್ತುತ್ತೆ. ಎದುರುಬದುರು ತೆಗೀಬೇಕು. ಹಿಂದಿನ ಕಿಟಕಿಗೆ ಎಕ್ಸಾಸ್ಟ್ ಹೊರಮುಖವಾಗಿ ಕೂರಿಸಿ, ಸುತ್ತಲ ಸಂದಿ ಮುಚ್ಚಿ, ಬಾಗಿಲು ತೆರೆದಿಡಿ.

ಮನೆ 28, 7:24
ಸಿಒಟು ನೋಡೋಕೆ ಮೀಟರ್ ಯಾಕೆ, ಕೊನೇ ಪೀರಿಯಡ್‌ನಲ್ಲಿ ಎಷ್ಟು ಮಕ್ಕಳು ತೂಕಡಿಸ್ತಾರೆ ಎಣಿಸಿ.

ಮನೆ 42, 7:25
ಅದು ಮೇಷ್ಟ್ರ ಪಾಠದ ಗುಣ.

ಮನೆ 26, 7:31
ಆ ಕಿಟಕಿ ಯಾಕೆ ಮುಚ್ಚಿದೆ ಅಂತ ಯಾರಾದ್ರೂ ಹೋಗಿ ನೋಡಿದ್ದೀರಾ? ಹಿಂದೆ ಕಸದ ಗುಡ್ಡೆ. ತೆಗೆದ್ರೆ ನಾತ, ನೊಣ. ಸೊಳ್ಳೆ ಪರದೆ ಹಾಕಿದ್ದಾರೆ, ಅದರ ಕಣ್ಣೆಲ್ಲ ಧೂಳು ಕಟ್ಟಿ ಕಂಬಳಿ ಥರ ಆಗಿದೆ.

ಮನೆ 3, 7:34
ಪರದೆ ಬಿಚ್ಚಿ ಬ್ರಷ್‌ನಲ್ಲಿ ಉಜ್ಜಿ ತೊಳೆದ್ರೆ ಅರ್ಧ ಕೆಲಸ ಆಗುತ್ತೆ. ಹತ್ತು ನಿಮಿಷ.

ಮನೆ 42, 7:36
ಕಸ ಹಾಕೋರು ಯಾರು? ಹಿಂದಿನ ಸಾಲಿನ ಮನೆಯೋರೇ. ನನ್ನ ಹತ್ರ ಫೋಟೋ ಇದೆ.

ಮನೆ 33, 7:38
ಹಿಂದಿನ ಸಾಲು ಅಂದ್ರೆ ನಾವೇ. ಗಾಡಿ ವಾರಕ್ಕೆರಡು ಸಲನೂ ಬರಲ್ಲ, ಕಸ ತಲೆ ಮೇಲೆ ಇಟ್ಕೊಳ್ಳೋದಾ?

ಅಡ್ಮಿನ್, 8:05
ಕಸದ ಗಾಡಿ ಬಗ್ಗೆ ದೂರು ಬರೀತಿದ್ದೀನಿ. ಸಹಿ ಹಾಕೋರು ಮನೆ ನಂಬರ್ ಕಳಿಸಿ.

ಮನೆ 33, 8:06
33

ಮನೆ 42, 8:06
42. ಫೋಟೋನೂ ಲಗತ್ತಿಸಿ.

ಮನೆ 19, 8:20
ಮೀಟರ್ ಯಾರು ತರ್ತಾರೆ?

ಮನೆ 28, 8:21
28