ಪದಚರ್ಚೆ: ‘ಕಾಂಗ್ರೆಸ್ಸಿನಲ್ಲಿ ವಿರೋಧ ಪಕ್ಷ’ ಅಂದರೆ ಏನು ತಿಳಿಯುತ್ತೀರಿ?

ಎಲ್ಲರಿಗೂ ನಮಸ್ಕಾರ.

ನಾನಿರುವುದು ನ್ಯೂಜೆರ್ಸಿಯಲ್ಲಿ. ಇಲ್ಲಿನ ನಮ್ಮ ಸಣ್ಣ ಕೈಬರಹದ ಪತ್ರಿಕೆಗೆ ಅಮೆರಿಕದ ಶಾಸನಸಭೆಯಾದ ಕಾಂಗ್ರೆಸ್ಸು ಅಲ್ಲಿನ ಅಧ್ಯಕ್ಷರನ್ನು ಹೇಗೆ ತಡೆಯುತ್ತದೆ ಎಂಬ ಬಗ್ಗೆ ಒಂದು ಲೇಖನ ಬರೆಯಲು ಕೂತು ಮೊದಲ ವಾಕ್ಯದಲ್ಲೇ ಸಿಕ್ಕಿಬಿದ್ದಿದ್ದೇನೆ. ‘ಕಾಂಗ್ರೆಸ್ಸಿನಲ್ಲಿರುವ ವಿರೋಧ ಪಕ್ಷಕ್ಕೆ ಅಧ್ಯಕ್ಷರಿಗೆ ಕಡಿವಾಣ ಹಾಕಲು ಹಲವು ದಾರಿಗಳಿವೆ’ ಎಂದು ಬರೆದು, ತಿಪಟೂರಿನ ಮಾವನಿಗೆ ಫೋನಿನಲ್ಲಿ ಓದಿ ಹೇಳಿದೆ. ಅವರು ಕೇಳಿದ್ದು ಇಷ್ಟು: “ಕಾಂಗ್ರೆಸ್ಸಿನೊಳಗೆ ವಿರೋಧ ಅಂದ್ರೆ ಭಿನ್ನಮತೀಯರೇನಪ್ಪ? ಅಧ್ಯಕ್ಷರು ಅಂದ್ರೆ ಕೆಪಿಸಿಸಿ ಅಧ್ಯಕ್ಷರಾ?”

ಅವರು ತಮಾಷೆ ಮಾಡಿದ್ದಲ್ಲ. ತಪ್ಪು ಅವರದೂ ಅಲ್ಲ. ನಾನು ಬಳಸಿದ ಪ್ರತಿ ಪದಕ್ಕೂ ಕನ್ನಡದಲ್ಲಿ ಆಗಲೇ ಬೇರೊಬ್ಬ ಮಾಲೀಕನಿದ್ದಾನೆ.

‘ಕಾಂಗ್ರೆಸ್’ ಬಿಟ್ಟು ‘ಅಮೆರಿಕದ ಸಂಸತ್ತು’ ಎಂದರೆ ಪಕ್ಷದ ಗೊಂದಲ ತಪ್ಪುತ್ತದೆ, ಪತ್ರಿಕೆಗಳೂ ಹಾಗೆ ಬರೆಯುತ್ತವೆ. ಆದರೆ ಸಂಸತ್ತು ಅಂದೊಡನೆ ನಮ್ಮ ಕಣ್ಣಿಗೆ ಬರುವುದು ಪ್ರಧಾನಿ ಒಳಗೆ ಕೂತಿರುವ, ಮಂತ್ರಿಗಳು ಎದ್ದುನಿಂತು ಉತ್ತರ ಕೊಡುವ ಸದನ. ಅಲ್ಲಿ ಹಾಗಿಲ್ಲ. ಪ್ರತಿನಿಧಿ ಸಭೆಯ 435 ಮಂದಿಯಲ್ಲಾಗಲಿ ಸೆನೆಟಿನ 100 ಮಂದಿಯಲ್ಲಾಗಲಿ ಒಬ್ಬ ಮಂತ್ರಿಯೂ ಇರುವಂತಿಲ್ಲ, ಸಂವಿಧಾನವೇ ಬಿಡುವುದಿಲ್ಲ. ಪ್ರಶ್ನೋತ್ತರ ವೇಳೆ ಇಲ್ಲ, ಅವಿಶ್ವಾಸ ನಿರ್ಣಯ ಇಲ್ಲ. ಸದನದಲ್ಲಿ ಸೋತರೆ ಸರ್ಕಾರ ಬೀಳುವುದೂ ಇಲ್ಲ.

ಹೀಗಾಗಿ ‘ವಿರೋಧ ಪಕ್ಷ’ ಎಂಬ ಮಾತೇ ಅಲ್ಲಿ ಸರಿಯಾಗಿ ಕೂರುವುದಿಲ್ಲ. ನಮ್ಮ ಕಿವಿಗೆ ವಿರೋಧ ಪಕ್ಷ ಎಂದರೆ ಸಂಖ್ಯೆಯಲ್ಲಿ ಸೋತವರು. ಗೆದ್ದಿದ್ದರೆ ಅವರೇ ಆಡಳಿತ ಪಕ್ಷವಾಗುತ್ತಿದ್ದರು. ಅಲ್ಲಿ ಅಧ್ಯಕ್ಷರದು ಒಂದು ಪಕ್ಷ, ಸದನದ ಬಹುಮತ ಇನ್ನೊಂದು ಪಕ್ಷದ್ದು ಆಗಿರಬಹುದು. ರಿಪಬ್ಲಿಕನ್ ಅಧ್ಯಕ್ಷ ನಿಕ್ಸನ್ ಅಧಿಕಾರದಲ್ಲಿದ್ದಷ್ಟು ಕಾಲವೂ ಎರಡೂ ಸದನಗಳು ಡೆಮಾಕ್ರಟರ ಕೈಯಲ್ಲಿದ್ದವು. ಡೆಮಾಕ್ರಟ್ ಅಧ್ಯಕ್ಷ ಒಬಾಮಾ ಅವಧಿಯ ಕೊನೆಯ ಎರಡು ವರ್ಷ ಎರಡೂ ರಿಪಬ್ಲಿಕನ್ನರ ಕೈಯಲ್ಲಿದ್ದವು. ‘ಬಹುಮತ ಇರುವ ವಿರೋಧ ಪಕ್ಷ’ ಎಂದು ಬರೆದು ನೋಡಿ, ಓದುಗ ಅಚ್ಚಿನ ತಪ್ಪು ಅಂದುಕೊಳ್ಳುತ್ತಾನೆ. ನನ್ನ ಮಟ್ಟಿಗೆ ‘ಎದುರು ಪಕ್ಷ’ ಮೇಲು. ನ್ಯಾಯಾಲಯದ ಕನ್ನಡದಲ್ಲಿ ‘ಎದುರುದಾರ’ ಇದ್ದಾನೆ, ಊರ ಮಾತಿನಲ್ಲಿ ‘ಎದುರು ಪಾರ್ಟಿ’ ಇದೆ. ಎದುರಿನವನು ಸೋತವನೇ ಆಗಬೇಕಿಲ್ಲ.

ಇನ್ನು ‘ಮೈನಾರಿಟಿ ಲೀಡರ್’, ಅಂದರೆ ಸದನದಲ್ಲಿ ಬಹುಮತವಿಲ್ಲದ ಪಕ್ಷದ ನಾಯಕ. ಪ್ರತಿನಿಧಿ ಸಭೆಯ ಡೆಮಾಕ್ರಟ್ ನಾಯಕ ಹಕೀಂ ಜೆಫ್ರೀಸರನ್ನು ‘ಅಲ್ಪಸಂಖ್ಯಾತ ನಾಯಕ’ ಎಂದು ಕರೆದರೆ ಕನ್ನಡದಲ್ಲಿ ಅರ್ಥ ಎಲ್ಲಿಗೆ ಹೋಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಆ ಹೆಸರು ಬೇರೆ ಹಾಗಿದೆ! ‘ಅಲ್ಪಮತದ ನಾಯಕ’ ಸಾಕು. ‘ಅಲ್ಪಮತದ ಸರ್ಕಾರ’ ನಮಗೆ ಹಳೆಯ ಪರಿಚಯ.

ಇಲ್ಲಿಯವರೆಗೆ ಸಲೀಸು. ಕಷ್ಟ ಶುರುವಾಗುವುದು ‘ಚೆಕ್’ ಎಂಬಲ್ಲಿ, ಅಂದರೆ ಒಬ್ಬರ ಅಧಿಕಾರ ಮಿತಿಮೀರದಂತೆ ಇನ್ನೊಬ್ಬರು ತಡೆಯುವುದು.

ಪಠ್ಯಪುಸ್ತಕದ ‘ನಿಯಂತ್ರಣ ಮತ್ತು ಸಮತೋಲನ’ ನನಗೆ ಒಗ್ಗುವುದಿಲ್ಲ. ಪತ್ರಿಕೆಯವರಿಗೆ ಪ್ರಿಯವಾದವು ಅಂಕುಶ, ಕಡಿವಾಣ, ಲಗಾಮು, ಮೂಗುದಾರ. ನಾಲ್ಕೂ ಪ್ರಾಣಿಯ ಮೇಲೆ ಮನುಷ್ಯ ಹಾಕುವ ವಸ್ತುಗಳು. ಮಾವುತ ಆನೆಯ ಒಡೆಯ, ಸವಾರ ಕುದುರೆಯ ಒಡೆಯ. ಅಮೆರಿಕದಲ್ಲಿ ಕಾಂಗ್ರೆಸ್ಸು ಅಧ್ಯಕ್ಷರ ಮೇಲೆ ಕೂತ ಮಾವುತನಲ್ಲ, ಪಕ್ಕದಲ್ಲಿ ನಿಂತ ಇನ್ನೊಂದು ಆನೆ. ಒಂದೇ ನೊಗದ ಎರಡು ಎತ್ತು ಎನ್ನಬಹುದೇನೋ: ಒಂದು ಓಡಿದರೆ ಇನ್ನೊಂದರ ಭಾರವೇ ಅದನ್ನು ಹಿಂದಕ್ಕೆಳೆಯುತ್ತದೆ. ಆದರೆ ‘ನೊಗಭಾರ’ ಎಂದು ಬರೆದರೆ ಯಾರಿಗೂ ತಿಳಿಯದು. ಸದ್ಯಕ್ಕೆ ‘ತಡೆ’ ಎಂದಷ್ಟೇ ಇಟ್ಟುಕೊಂಡಿದ್ದೇನೆ. ಸಣ್ಣ ಪದ, ಆದರೆ ಸುಳ್ಳು ಹೇಳುವುದಿಲ್ಲ.

ಹಣದ ವಿಷಯಕ್ಕೆ ಬಂದಾಗ ಮಾತ್ರ ನಮ್ಮ ಕೆರೆ ಕೈಹಿಡಿಯಿತು. ಕಾನೂನಿನ ಮೂಲಕ ಮಂಜೂರಾಗದೆ ಖಜಾನೆಯಿಂದ ಹಣ ತೆಗೆಯುವಂತಿಲ್ಲ ಎಂದು ಅವರ ಸಂವಿಧಾನದ ಮೊದಲ ವಿಧಿಯೇ ಹೇಳುತ್ತದೆ. ಇದಕ್ಕೆ ಇಂಗ್ಲಿಷಿನಲ್ಲಿ ಹಣದ ಚೀಲದ ಉಪಮೆ. ‘ಚೀಲದ ಅಧಿಕಾರ’ ಎಂದು ಬರೆದರೆ ಕಳ್ಳತನದ ವಾಸನೆ ಹೊಡೆಯಿತು. ‘ತೂಬು’ ಎಂದಾಗ ಎಲ್ಲ ಸರಿಹೋಯಿತು. ಯಾವ ಬಯಲಿಗೆ ಎಷ್ಟು ನೀರು ಎಂದು ತೀರ್ಮಾನಿಸುವುದು ಊರು. ತೂಬು ಎತ್ತುವವನು ನೀರುಗಂಟಿ. ಕೆರೆ ತುಂಬಿದೆ, ಊರು ಹೇಳಿಯಾಗಿದೆ, ಆದರೂ ನೀರುಗಂಟಿ ‘ಆ ಕೆಳಗದ್ದೆಯವರು ನನಗೆ ಆಗುವುದಿಲ್ಲ’ ಎಂದು ತೂಬು ಎತ್ತದೇ ಕೂತರೆ?

ನಿಕ್ಸನ್ ಮಾಡಿದ್ದು ಇದನ್ನೇ, ಅದೂ ನೀರಿನ ವಿಷಯದಲ್ಲೇ. 1972ರಲ್ಲಿ ನದಿ ಕೆರೆಗಳ ನೀರು ಶುದ್ಧವಾಗಿಡುವ ಮಸೂದೆಗೆ ಅವರು ವೀಟೋ ಹಾಕಿದರು. ಎರಡೂ ಸದನಗಳು ಮೂರನೇ ಎರಡರಷ್ಟು ಮತಗಳಿಂದ ಅದನ್ನು ಮೀರಿ ಕಾನೂನು ಮಾಡಿದವು. ಆಮೇಲೆ ಅಧ್ಯಕ್ಷರು ಮಂಜೂರಾದ ಹಣದಲ್ಲಿ ದೊಡ್ಡ ಪಾಲನ್ನು ಬಿಡದೇ ಹಿಡಿದಿಟ್ಟರು. 1974ರಲ್ಲಿ ಕಾಂಗ್ರೆಸ್ಸು ಇದಕ್ಕೆಂದೇ ಕಾನೂನು ತಂದಿತು: ಮಂಜೂರಾದ ಹಣ ಬೇಡವೆಂದಾದರೆ ಅಧ್ಯಕ್ಷರು ಬಂದು ಕೇಳಬೇಕು, ಕಲಾಪದ 45 ದಿನಗಳೊಳಗೆ ಎರಡೂ ಸದನ ಒಪ್ಪದಿದ್ದರೆ ಹಣ ಬಿಡಲೇಬೇಕು. ಮರುವರ್ಷ ಸುಪ್ರೀಂ ಕೋರ್ಟು ನೀರಿನ ಹಣವನ್ನೂ ಬಿಡಿ ಎಂದಿತು. ಈ ಹಿಡಿದಿಡುವಿಕೆಗೆ ಅವರ ಪದ ‘ಇಂಪೌಂಡ್‌ಮೆಂಟ್’. ಇಂಗ್ಲಿಷಿನಲ್ಲೂ ಅದು ಅಣೆಕಟ್ಟಿನ ಹಿಂದೆ ನೀರು ನಿಲ್ಲಿಸುವುದಕ್ಕೆ ಬಳಸುವ ಪದವೇ. ನಾನು ‘ತೂಬುತಡೆ’ ಎಂದು ಬರೆದಿದ್ದೇನೆ. ಅತಿಯಾಯಿತೇ?

ಎದುರು ಪಕ್ಷಕ್ಕೆ ಬಹುಮತವಿಲ್ಲದಿದ್ದರೂ ಈ ತೂಬಿನ ಬಳಿ ಒಂದು ಕೈ ಇರುತ್ತದೆ. ಸೆನೆಟಿನಲ್ಲಿ ವಾರ್ಷಿಕ ಖರ್ಚಿನ ಮಸೂದೆಯ ಚರ್ಚೆ ಮುಗಿಸಿ ಮತಕ್ಕೆ ಹಾಕಲು 60 ಮತ ಬೇಕು. 2025ರ ಅಕ್ಟೋಬರ್ 1ರಿಂದ 43 ದಿನ ನಡೆದ, ಹಣ ಮಂಜೂರಾಗದೆ ಸರ್ಕಾರಿ ಕಚೇರಿಗಳು ಮುಚ್ಚಿದ ‘ಶಟ್‌ಡೌನ್’ ಹುಟ್ಟಿದ್ದು ಅಲ್ಲಿಂದ. ಆರೋಗ್ಯ ವಿಮೆಯ ಸಹಾಯಧನ ಮುಂದುವರಿಸಿ ಎಂದು ಡೆಮಾಕ್ರಟರು ಪಟ್ಟು ಹಿಡಿದರು. ಕೊನೆಗೆ ಅದು ಸಿಗದೆಯೇ ಕಚೇರಿಗಳು ತೆರೆದವು. ‘ಅಮೆರಿಕ ಸರ್ಕಾರ ಸ್ಥಗಿತ’ ಎಂಬ ಶೀರ್ಷಿಕೆ ನೋಡಿ ಮಾವ, “ಟ್ರಂಪ್ ಸರ್ಕಾರ ಬಿತ್ತಂತಲ್ಲ” ಎಂದಿದ್ದರು. ಬಿದ್ದಿರಲಿಲ್ಲ, ಸಂಬಳ ನಿಂತಿತ್ತು. ‘ಕಚೇರಿ ಬೀಗ’ ಎಂದರೆ ಹೇಗೆ?

‘ಓವರ್‌ಸೈಟ್’ಗೆ (ಸರ್ಕಾರದ ಕೆಲಸದ ಮೇಲೆ ಕಾಂಗ್ರೆಸ್ಸು ಕಣ್ಣಿಡುವುದಕ್ಕೆ) ‘ಮೇಲ್ವಿಚಾರಣೆ’ ಎಂದರೆ ಹಾಸ್ಟೆಲ್ ವಾರ್ಡನ್ ನೆನಪಾಗುತ್ತಾರೆ. ಆ ಇಂಗ್ಲಿಷ್ ಪದಕ್ಕೇ ಕಣ್ಣಿಡುವುದು, ಕಣ್ತಪ್ಪುವುದು ಎಂಬ ಎರಡು ವಿರುದ್ಧ ಅರ್ಥಗಳಿವೆ, ಅದು ಬೇರೆ ಕಥೆ. ‘ನಿಗಾ ಸಮಿತಿ’ ಎಂದಿಟ್ಟೆ. ಹೆಂಡತಿ ನಕ್ಕಳು, ಆಸ್ಪತ್ರೆಯ ತೀವ್ರ ನಿಗಾ ಘಟಕದ ಹಾಗಿದೆಯಂತೆ. ಇರಲಿ, ಕೆಲವೊಮ್ಮೆ ಅದೂ ಸರಿಯೇ. ಈ ಸಮಿತಿಗಳ ‘ಹಿಯರಿಂಗ್’ಗೆ ‘ವಿಚಾರಣೆ’ ಎಂದರೆ ಓದುಗ ಕಟಕಟೆಯನ್ನು ಕಾಣುತ್ತಾನೆ, ಆದ್ದರಿಂದ ‘ಸಾಕ್ಷ್ಯಸಭೆ’. 1973ರ ಜುಲೈ 16ರಂದು, ನಿಕ್ಸನ್ನರನ್ನು ಸುತ್ತಿಕೊಂಡಿದ್ದ ಹಗರಣದ ಬಗೆಗಿನ ವಾಟರ್‌ಗೇಟ್ ಸಾಕ್ಷ್ಯಸಭೆಯಲ್ಲಿ, ಅಧ್ಯಕ್ಷರ ಕೋಣೆಯಲ್ಲಿ ಮಾತು ದಾಖಲಿಸುವ ಯಂತ್ರವಿತ್ತು ಎಂದು ಅವರ ಮಾಜಿ ಸಹಾಯಕ ಅಲೆಕ್ಸಾಂಡರ್ ಬಟರ್‌ಫೀಲ್ಡ್ ಬಾಯಿಬಿಟ್ಟರು. ಆ ಪ್ರಶ್ನೆಯನ್ನು ಬಹಿರಂಗವಾಗಿ ಕೇಳಿದ್ದು ಎದುರು ಪಕ್ಷದವರಲ್ಲ, ನಿಕ್ಸನ್ನರ ಸ್ವಂತ ಪಕ್ಷದ ಪರ ಸಮಿತಿಯಲ್ಲಿದ್ದ ವಕೀಲ ಫ್ರೆಡ್ ಥಾಂಪ್ಸನ್. ಎದುರು ಪಕ್ಷ ವೇದಿಕೆ ಕಟ್ಟಿತ್ತು, ಅಷ್ಟೇ.

ವೇದಿಕೆ ಕಟ್ಟಲು ಬಹುಮತ ಬೇಕು. ‘ಸಬ್‌ಪೀನಾ’ ಹೊರಡಿಸುವುದು ಸಮಿತಿಯ ಬಹುಮತ ಅಥವಾ ಅದರ ಅಧ್ಯಕ್ಷ. ಮೂಲ ಲ್ಯಾಟಿನ್ನಿನಲ್ಲಿ ‘ತಪ್ಪಿದರೆ ಶಿಕ್ಷೆ’ ಎಂದರ್ಥ. ನಮಗೆ ‘ಸಮನ್ಸ್’ ಆಗಲೇ ಮನೆಮಾತು, ಹೊಸದು ಬೇಡ. ಅಲ್ಪಮತದವರಿಗೆ ಉಳಿಯುವುದು 1928ರ ಒಂದು ವಿಚಿತ್ರ ಕಾನೂನು: ಪ್ರತಿನಿಧಿ ಸಭೆಯ ನಿಗಾ ಸಮಿತಿಯ ಯಾವುದೇ ಏಳು ಮಂದಿ ಸೇರಿ ಕೇಳಿದರೆ ಇಲಾಖೆಗಳು ಮಾಹಿತಿ ಕೊಡಬೇಕು. 2017ರಲ್ಲಿ ಡೆಮಾಕ್ರಟರು ಇದನ್ನು ಹಿಡಿದು ವಾಷಿಂಗ್ಟನ್ನಿನ ಟ್ರಂಪ್ ಹೋಟೆಲಿನ ಗುತ್ತಿಗೆ ಕಾಗದ ಕೇಳಿದರು, ಸಿಗಲಿಲ್ಲ, ಕೋರ್ಟಿಗೆ ಹೋದರು. ‘ಸಪ್ತಸದಸ್ಯ ನಿಯಮ’ ಬೇಡ, ‘ಏಳು ಜನರ ನಿಯಮ’ ಎಂದೇ ಇರಲಿ. ಊರ ಪಂಚಾಯಿತಿಯ ಗತ್ತು ಅದರಲ್ಲಿದೆ.

‘ಫಿಲಿಬಸ್ಟರ್’, ಅಂದರೆ ಚರ್ಚೆ ಮುಗಿಯಲು ಬಿಡದೇ ಮಸೂದೆಯನ್ನು ತಡೆಯುವುದು, ನನಗೆ ಅತ್ಯಂತ ಪ್ರಿಯವಾದ ತಲೆನೋವು. ಡಚ್ಚರಲ್ಲಿ ಕಡಲ್ಗಳ್ಳನಿಗಿದ್ದ ಪದ, ಸ್ಪ್ಯಾನಿಷಿಗೆ ಹೋಗಿ ವೇಷ ಬದಲಿಸಿ, 1850ರ ದಶಕದಲ್ಲಿ ಪರದೇಶಕ್ಕೆ ಸ್ವಂತ ದಂಡು ಕಟ್ಟಿಕೊಂಡು ಹೋಗುವ ಅಮೆರಿಕನ್ನರಿಗೆ ಅಂಟಿತು. ಅವರಲ್ಲೊಬ್ಬ ವಿಲಿಯಂ ವಾಕರ್ 1856ರಲ್ಲಿ ನಿಕರಾಗುವಾದ ಅಧ್ಯಕ್ಷನೇ ಆಗಿಬಿಟ್ಟ. ಆಮೇಲೆ ಸದನವನ್ನು ಮಾತಿನಿಂದ ಅಪಹರಿಸುವವನಿಗೂ ಅದೇ ಹೆಸರು ಬಂತು. ನಮ್ಮಲ್ಲಿ ಸದನ ತಡೆಯುವವರು ಬಾವಿಗಿಳಿದು ಕೂಗುತ್ತಾರೆ, ಇಲ್ಲವೇ 2019ರ ಜುಲೈಯಲ್ಲಿ ಬಿಜೆಪಿಯವರು ಮಾಡಿದಂತೆ ದಿಂಬು ಹೊದಿಕೆ ತಂದು ವಿಧಾನಸೌಧದಲ್ಲೇ ಮಲಗುತ್ತಾರೆ. ‘ಅಹೋರಾತ್ರಿ ಧರಣಿ’ ಎಂಬ ಚೆಂದದ ಪದ ನಮಗೆ ಹಾಗೆ ಬಂದದ್ದು. ಹಾಗಾದರೆ ಇವರದು ‘ಅಹೋರಾತ್ರಿ ಭಾಷಣ’. 1957ರಲ್ಲಿ ಸ್ಟ್ರಾಂ ಥರ್ಮಂಡ್ ಕರಿಯರ ಹಕ್ಕಿನ ಮಸೂದೆಯ ವಿರುದ್ಧ 24 ಗಂಟೆ 18 ನಿಮಿಷ ಮಾತಾಡಿದರು. ನಮ್ಮ ನ್ಯೂಜೆರ್ಸಿಯ ಸೆನೆಟರ್ ಕೋರಿ ಬುಕರ್, ಸ್ವತಃ ಕರಿಯರು, 2025ರಲ್ಲಿ 25 ಗಂಟೆಗೂ ಮಿಕ್ಕಿ ನಿಂತು ಆ ದಾಖಲೆ ಮುರಿದರು. ಆದರೆ ಬುಕರ್ ಯಾವ ಮಸೂದೆಯನ್ನೂ ತಡೆಯುತ್ತಿರಲಿಲ್ಲ, ಆದ್ದರಿಂದ ಅದು ಅಹೋರಾತ್ರಿ ಭಾಷಣ ಹೌದು, ಫಿಲಿಬಸ್ಟರ್ ಅಲ್ಲ. ಇಂದಿನ ನಿಜವಾದ ಫಿಲಿಬಸ್ಟರಿಗೆ ಬಾಯಿ ಬೇಕಿಲ್ಲ, ಆ 60 ಮತ ಸೇರದಂತೆ ತಡೆಯಲು 41 ತಲೆ ಸಾಕು. ನೇಮಕಗಳಿಗೆ ಈಗ ಅದೂ ನಡೆಯದು: 2013ರಲ್ಲಿ ಡೆಮಾಕ್ರಟರು, 2017ರಲ್ಲಿ ಸುಪ್ರೀಂ ಕೋರ್ಟಿನ ನೇಮಕಕ್ಕೂ ಸೇರಿಸಿ ರಿಪಬ್ಲಿಕನ್ನರು, ತೆಗೆದುಹಾಕಿದರು. ಮೌನವಾಗಿ ನಡೆಯುವ ಮಾತಿನ ತಡೆಗೆ ಕನ್ನಡದಲ್ಲಿ ಏನನ್ನೋಣ?

‘ಇಂಪೀಚ್‌ಮೆಂಟ್’ಗೆ ಬಳಕೆಯಲ್ಲಿರುವ ‘ವಾಗ್ದಂಡನೆ’ ಬಗ್ಗೆ ನನಗೆ ಜಗಳವೇ ಇದೆ. ಮಾತಿನಿಂದ ದಂಡಿಸುವುದು ಆ ಪದದ ಅರ್ಥ. ಟ್ರಂಪ್ ಎರಡು ಸಲ, 2019ರಲ್ಲೂ 2021ರಲ್ಲೂ, ಇಂಪೀಚ್ ಆದಾಗ ‘ವಾಗ್ದಂಡನೆ ಆಯಿತಲ್ಲ, ಮತ್ತೆ ಶಿಕ್ಷೆ ಯಾಕಿಲ್ಲ’ ಎಂದು ಊರಿಂದ ಕೇಳಿದವರೆಷ್ಟೋ. ಪ್ರತಿನಿಧಿ ಸಭೆ ಮಾಡುವುದು ಆರೋಪ ಹೊರಿಸುವುದಷ್ಟೇ, ತೀರ್ಪು ಸೆನೆಟಿನದು, ಅದಕ್ಕೆ ಮೂರನೇ ಎರಡು ಬೇಕು. 2021ರಲ್ಲಿ 57 ಮತ ಬಂದವು, ಬೇಕಿದ್ದುದು 67. ಹಿಂದಿಯ ಕಡೆಯಿಂದ ಬಂದ ‘ಮಹಾಭಿಯೋಗ’ವೇ ಹೆಚ್ಚು ನಿಖರ ಎಂದು ಒಪ್ಪಿಕೊಳ್ಳಲು ಸ್ವಲ್ಪ ಸಂಕಟವಾಗುತ್ತದೆ. ಅಭಿಯೋಗ ಎಂದರೆ ಆರೋಪ. ಆದರೆ ‘ಸರ್ಕಾರಿ ಅಭಿಯೋಜಕರು’ ನಮ್ಮ ಕೋರ್ಟುಗಳಲ್ಲಿ ಇದ್ದೇ ಇದ್ದಾರೆ. ‘ವಾಗ್ದಂಡನೆ’ಯನ್ನು ‘ಸೆನ್ಶರ್’ಗೆ ಮೀಸಲಿಡೋಣ. 1834ರಲ್ಲಿ ಸೆನೆಟು ಅಂದಿನ ಅಧ್ಯಕ್ಷ ಆಂಡ್ರೂ ಜಾಕ್ಸನ್ನರಿಗೆ ಮಾಡಿದ್ದು ಅದನ್ನೇ, ಬರೀ ಮಾತಿನ ದಂಡನೆ. 1837ರಲ್ಲಿ ಅವರ ಕಡೆಯವರಿಗೆ ಬಹುಮತ ಬಂದಾಗ, ಅದನ್ನು ಅಳಿಸಿದ ಗುರುತಾಗಿ ಆ ನಿರ್ಣಯ ಬರೆದಿದ್ದ ಪುಟದಲ್ಲಿ ಸುತ್ತ ಕಪ್ಪು ಗೆರೆ ಎಳೆಸಿದರು.

ಕೊನೆಯದು, ನಿಜವಾಗಿ ನಿಮ್ಮ ಸಹಾಯ ಬೇಕಾಗಿರುವುದು: ‘ಹೋಲ್ಡ್’. ಸೆನೆಟಿನಲ್ಲಿ ಒಬ್ಬನೇ ಸದಸ್ಯ ‘ನನಗೆ ಒಪ್ಪಿಗೆಯಿಲ್ಲ’ ಎಂದರೆ ಸರಸರನೆ ಆಗುವ ಕೆಲಸ ತಿಂಗಳುಗಟ್ಟಲೆ ನಿಲ್ಲುತ್ತದೆ. 2023ರಲ್ಲಿ ಅಲಬಾಮಾದ ಟಾಮಿ ಟ್ಯೂಬರ್‌ವಿಲ್, ಗರ್ಭಪಾತಕ್ಕಾಗಿ ಬೇರೆ ರಾಜ್ಯಕ್ಕೆ ಹೋಗುವ ಸೇನಾ ಸಿಬ್ಬಂದಿಗೆ ಪ್ರಯಾಣದ ಖರ್ಚು ಕೊಡುವ ಬೈಡನ್ ಆಡಳಿತದ ನೀತಿಗೆ ಸಿಟ್ಟಾಗಿ, 400ಕ್ಕೂ ಹೆಚ್ಚು ಸೇನಾಧಿಕಾರಿಗಳ ಬಡ್ತಿಯನ್ನು ಡಿಸೆಂಬರಿನವರೆಗೆ ನಿಲ್ಲಿಸಿದ್ದರು. ‘ತಡೆಹಿಡಿತ’ ಎಂದರೆ ಯಾರು ಹಿಡಿದರೋ ಗೊತ್ತಾಗುವುದಿಲ್ಲ. ನನಗೆ ತೋಚಿದ್ದು ‘ತಕರಾರು’: ತಾಲ್ಲೂಕು ಕಚೇರಿಯಲ್ಲಿ ದಾಯಾದಿಯೊಬ್ಬ ಒಂದು ತಕರಾರು ಅರ್ಜಿ ಕೊಟ್ಟರೆ ಖಾತೆ ಬದಲಾವಣೆ ಅಲ್ಲೇ ನಿಲ್ಲುತ್ತದಲ್ಲ, ಹಾಗೆ. ಇದು ನಮ್ಮ ತುಮಕೂರು ಸೀಮೆಯ ಬಳಕೆ. ಧಾರವಾಡ, ಕಲಬುರಗಿ, ಮಂಗಳೂರು ಕಡೆಯ ಕಚೇರಿಗಳಲ್ಲಿ ಇಂಥ ಒಂಟಿ ಅಡ್ಡಿಗೆ ಏನೆನ್ನುತ್ತಾರೆ? ‘ತಕರಾರು ಹಾಕಿದ’ ಅನ್ನುತ್ತಾರೋ, ‘ತಕರಾರು ತೆಗೆದ’ ಅನ್ನುತ್ತಾರೋ?